ದೂರದ ಬಸ್ ಪ್ರಯಾಣ: ನೀರು ಬಿಡಬೇಡಿ, ಕುಡಿಯುವ ವೇಳೆ ಬದಲಿಸಿ

ಆಲಮಟ್ಟಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವುದೆಂದರೆ ಒಂದು ಇಡೀ ರಾತ್ರಿಯ ಮಾತು. ನಿಡಗುಂದಿಯ ಬಳಿ ಹೆದ್ದಾರಿ ಸೇರಿ, ಕೃಷ್ಣೆಯನ್ನು ದಾಟಿ, ಹುನಗುಂದ, ಇಳಕಲ್ಲ, ಕುಷ್ಟಗಿ, ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರುಗಳನ್ನು ಹಾಯ್ದು ಹೋಗುವ ಈ ದಾರಿ 450 ಕಿಲೋಮೀಟರಿಗೂ ಹೆಚ್ಚು. ಇಂಡಿ, ಸಿಂದಗಿಯ ಕಡೆಯವರಿಗೆ ಇನ್ನೂ ದೂರ. ಕಟ್ಟಡದ ಕೆಲಸಕ್ಕೆ ಹೋಗುವವರು, ಕಾಲೇಜಿನ ಹುಡುಗರು, ಮಗನ ಮನೆಗೆ ಹೊರಟ ಹಿರಿಯರು, ದೊಡ್ಡ ಆಸ್ಪತ್ರೆಗೆ ಹೊರಟ ರೋಗಿಗಳು, ಎಲ್ಲರೂ ಈ ದಾರಿಯ ಪ್ರಯಾಣಿಕರೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಮೊದಲು ಊರು ಬಿಟ್ಟು ಹೋಗದಿದ್ದ ಎಷ್ಟೋ ಹೆಣ್ಣುಮಕ್ಕಳು ಕೂಡ ದೂರದ ಬಸ್ಸು ಹತ್ತುತ್ತಿದ್ದಾರೆ. ಇದು ಸಂತೋಷದ ಸಂಗತಿ.

ಆದರೆ ಹೀಗೆ ಹೋಗಿ ಬಂದವರಲ್ಲಿ ಕೆಲವರು ಮರುದಿನವೋ ಮೂರನೆಯ ದಿನವೋ ದವಾಖಾನೆಯ ಬಾಗಿಲಿಗೆ ಬರುತ್ತಾರೆ. ಒಬ್ಬರಿಗೆ ಉರಿಮೂತ್ರ, ಇನ್ನೊಬ್ಬರಿಗೆ ಕಾಲು ಬಾವು, ಮತ್ತೊಬ್ಬರಿಗೆ ತಲೆಶೂಲೆ, ಮಲಬದ್ಧತೆ, ಸಕ್ಕರೆಯ ಏರುಪೇರು. "ಪ್ರವಾಸ ಆಗಿ ಬರಲಿಲ್ಲ" ಎಂದು ಎಲ್ಲರೂ ಬಸ್ಸನ್ನೇ ದೂರುತ್ತಾರೆ. ನೀರು ಎಷ್ಟು ಕುಡಿದಿರಿ ಎಂದು ಕೇಳಿದರೆ ಹೆಣ್ಣುಮಕ್ಕಳಿಂದ ಬರುವ ಉತ್ತರ ಬಹುಮಟ್ಟಿಗೆ ಒಂದೇ: "ನೀರ ಕುಡದ್ರ ಎಲ್ಲಿ ಇಳೀಬೇಕ್ರಿ, ಡಾಕ್ಟ್ರ?"

ಈ ಪ್ರಶ್ನೆಯಲ್ಲಿ ತಪ್ಪಿಲ್ಲ. ರಾತ್ರಿ ಹೊತ್ತು ಬಸ್ಸು ನಿಲ್ಲುವ ಕಡೆಯಲ್ಲೆಲ್ಲ ಶುಚಿಯಾದ, ಬೆಳಕಿರುವ, ಬಾಗಿಲಿರುವ ಶೌಚಾಲಯ ಸಿಗುವುದಿಲ್ಲ. ತಪ್ಪಿರುವುದು ಅದಕ್ಕೆ ನಾವು ಕಂಡುಕೊಂಡ ಉಪಾಯದಲ್ಲಿ. ಮಧ್ಯಾಹ್ನದಿಂದಲೇ ನೀರು ಬಿಟ್ಟು, ಬಾಯಿ ಒಣಗಿಸಿಕೊಂಡು, ಮೂತ್ರ ತಡೆದುಕೊಂಡು ಕೂರುವುದು ಉಪಾಯವಲ್ಲ, ಬೇನೆಗೆ ಕೊಡುವ ಆಮಂತ್ರಣ. ದೂರದ ಪ್ರಯಾಣದಲ್ಲಿ ಬರುವ ತೊಂದರೆಗಳಲ್ಲಿ ಬಹುಪಾಲು ನೀರು ಬಿಡುವುದು, ಕದಲದೆ ಕೂರುವುದು, ಊಟ-ಔಷಧಿಯ ವೇಳೆ ತಪ್ಪಿಸುವುದು ಈ ಮೂರರಿಂದಲೇ ಬರುತ್ತವೆ. ಮೂರನ್ನೂ ಮೊದಲೇ ಯೋಚಿಸಿ ಸರಿಪಡಿಸಿಕೊಳ್ಳಬಹುದು.

ಮೂತ್ರಕೋಶದ ಲೆಕ್ಕ

ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ ಸುಮಾರು ಒಂದೂವರೆ ಲೀಟರ್ ಮೂತ್ರ ಉತ್ಪತ್ತಿಯಾಗುತ್ತದೆ. ಅಂದರೆ ತಾಸಿಗೆ ಸರಾಸರಿ 60 ಮಿಲಿ ಲೀಟರ್. ಮೂತ್ರಕೋಶದಲ್ಲಿ 150ರಿಂದ 250 ಮಿಲಿ ಲೀಟರ್ ಸೇರಿದಾಗ ಮೊದಲ ಸೂಚನೆ ಬರುತ್ತದೆ. 400-500 ಮಿಲಿ ಲೀಟರಿನವರೆಗೆ ಅದು ಹಿಡಿದಿಟ್ಟುಕೊಳ್ಳಬಲ್ಲದು. ಬಸ್ಸು ಹತ್ತುವ ಮುನ್ನ ಮೂತ್ರಕೋಶವನ್ನು ಪೂರ್ತಿ ಖಾಲಿ ಮಾಡಿಕೊಂಡವರಿಗೆ, ದಾರಿಯಲ್ಲಿ ಗುಟುಕು ಗುಟುಕಾಗಿ ನೀರು ಕುಡಿದರೂ, ಮೂರು-ನಾಲ್ಕು ತಾಸು ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ತೊಂದರೆಯಾಗುವುದು ಒಮ್ಮೆಲೇ ಒಂದು ತಂಬಿಗೆ ನೀರು ಕುಡಿದು ಬಸ್ಸು ಹತ್ತಿದವರಿಗೆ.

ನಾವು ಕುಡಿದ ನೀರಿನಲ್ಲಿ ದೇಹಕ್ಕೆ ಬೇಡವಾದ ಭಾಗ ಬಹುಪಾಲು ಒಂದೆರಡು ತಾಸಿನಲ್ಲಿ ಹೊರಗೆ ಬರುತ್ತದೆ. ಆದ್ದರಿಂದ ಕುಡಿಯುವ ಪ್ರಮಾಣವನ್ನು ಕಡಿಮೆ ಮಾಡದೆ ವೇಳೆಯನ್ನು ಬದಲಿಸಿಕೊಳ್ಳಿ:

1. ಹೊರಡುವ ದಿನ ಮುಂಜಾನೆಯಿಂದ ಸಂಜೆಯವರೆಗೆ ಎಂದಿನಂತೆ, ಬೇಸಿಗೆಯಲ್ಲಿ ಎಂದಿಗಿಂತ ಸ್ವಲ್ಪ ಹೆಚ್ಚಾಗಿಯೇ ನೀರು, ಮಜ್ಜಿಗೆ ಕುಡಿಯಿರಿ.

2. ಬಸ್ಸಿನ ವೇಳೆಗೆ ಎರಡು ತಾಸು ಮುಂಚೆ ಕೊನೆಯ ದೊಡ್ಡ ಲೋಟ ಕುಡಿದು ಮುಗಿಸಿ. ಆಮೇಲೆ ಗುಟುಕು ಮಾತ್ರ.

3. ಮನೆ ಬಿಡುವಾಗ ಒಮ್ಮೆ, ಬಸ್ ನಿಲ್ದಾಣದಲ್ಲಿ ಇನ್ನೊಮ್ಮೆ ಮೂತ್ರಕ್ಕೆ ಹೋಗಿ ಬನ್ನಿ. "ಈಗ ಬಂದಿಲ್ಲ" ಎನ್ನಬೇಡಿ.

4. ಬಸ್ಸಿನಲ್ಲಿ ಎಚ್ಚರವಿರುವಷ್ಟು ಹೊತ್ತು ಅರ್ಧ ತಾಸಿಗೊಮ್ಮೆ ಎರಡು ಗುಟುಕು ನೀರು ಸಾಕು.

5. ಬಸ್ಸು ನಿಂತಲ್ಲಿ ಮೊದಲು ಶೌಚಾಲಯ, ಆಮೇಲೆ ಒಂದು ಲೋಟ ನೀರು. ಅವಸರವಿಲ್ಲದಿದ್ದರೂ ಇಳಿದು ಹೋಗಿ ಬನ್ನಿ. ಮುಂದಿನ ನಿಲುಗಡೆ ಯಾವಾಗ ಎಂಬುದು ನಿಮ್ಮ ಕೈಯಲ್ಲಿಲ್ಲ.

6. ರಾತ್ರಿ ಚಹ, ಕಾಫಿ ಬೇಡ. ಇವು ನಿದ್ರೆಯನ್ನೂ ಕೆಡಿಸುತ್ತವೆ, ಮೂತ್ರದ ಅವಸರವನ್ನೂ ಹೆಚ್ಚಿಸುತ್ತವೆ. ಮದ್ಯವಂತೂ ದೇಹದ ನೀರನ್ನೇ ಹೊರಗೆ ಹಾಕುತ್ತದೆ.

ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ವೈದ್ಯರು ನೀರಿನ ಮಿತಿ ಹೇಳಿದ್ದರೆ ಆ ಮಿತಿಯೇ ನಿಮಗೆ ಪ್ರಮಾಣ. ವೇಳೆಯನ್ನು ಮಾತ್ರ ಹೊಂದಿಸಿಕೊಳ್ಳಿ.

ಹೆಂಗಸರಲ್ಲಿ ಮೂತ್ರನಾಳದ ಉದ್ದ ಸುಮಾರು 4 ಸೆಂಟಿ ಮೀಟರ್ ಮಾತ್ರ. ಗಂಡಸರಲ್ಲಿ ಅದು ಸುಮಾರು 20 ಸೆಂಟಿ ಮೀಟರ್. ಹೊರಗಿನ ರೋಗಾಣು ಒಳಗೆ ಸೇರಲು ಹೆಂಗಸರಲ್ಲಿ ದಾರಿ ಬಹಳ ಹತ್ತಿರ. ಮೂತ್ರ ಹರಿಯುತ್ತಿದ್ದರೆ ರೋಗಾಣು ತೊಳೆದುಹೋಗುತ್ತದೆ, ತಡೆದಿಟ್ಟರೆ ಅದು ಅಲ್ಲಿಯೇ ಬೆಳೆಯುತ್ತದೆ. ಪ್ರಯಾಣದ ನಂತರ ಉರಿಮೂತ್ರ, ಪದೇ ಪದೇ ಅವಸರ, ಕಿಬ್ಬೊಟ್ಟೆಯ ನೋವು ಕಂಡರೆ ಪರೀಕ್ಷೆ ಮಾಡಿಸಿ. ಚಳಿಜ್ವರ, ಸೊಂಟದ ಪಕ್ಕದ ನೋವು ಸೇರಿಕೊಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದು ತಿಳಿದು ಅದೇ ದಿನ ದವಾಖಾನೆಗೆ ಬನ್ನಿ. ಮೂತ್ರದ ಹರಳಿನ ತೊಂದರೆ ಇದ್ದವರಿಗೂ ನೀರು ಬಿಡುವುದು ಒಳ್ಳೆಯದಲ್ಲ. ಮೂತ್ರ ದಟ್ಟವಾದಷ್ಟೂ ಹರಳು ಕಟ್ಟುವುದು ಸುಲಭ.

ವಯಸ್ಸಾದ ಗಂಡಸರಿಗೆ ಇನ್ನೊಂದು ಎಚ್ಚರಿಕೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದವರು ಬಹಳ ಹೊತ್ತು ಮೂತ್ರ ತಡೆದರೆ ಆಮೇಲೆ ಪ್ರಯತ್ನಿಸಿದರೂ ಬಾರದೆ ಕಟ್ಟಿಕೊಳ್ಳಬಹುದು. ನೆಗಡಿಯ ಮಾತ್ರೆ, ವಾಂತಿ ತಡೆಯುವ ಮಾತ್ರೆಗಳಲ್ಲಿ ಕೆಲವು ಈ ತೊಂದರೆಯನ್ನು ಹೆಚ್ಚಿಸುತ್ತವೆ. ಇಂಥವರು ಬಸ್ಸು ಹತ್ತುವ ಮುನ್ನ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗಬಾರದು.

ಟಿಕೆಟ್ ತೆಗೆಸುವಾಗಲೇ ಕೇಳಿ

ಬಸ್ಸು ಎಷ್ಟಕ್ಕೆ ಬಿಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ. ಹೊಸಪೇಟೆ, ಚಿತ್ರದುರ್ಗದಂಥ ದೊಡ್ಡ ನಿಲ್ದಾಣಗಳ ಒಳಗೆ ಬಸ್ಸು ಹೋಗುತ್ತದೆಯೇ, ಹೊರಗಿನ ಹೆದ್ದಾರಿಯಲ್ಲೇ ಸಾಗುತ್ತದೆಯೇ? ಊಟಕ್ಕೆ ನಿಲ್ಲಿಸುವ ಹೋಟೆಲಿನಲ್ಲಿ ಹೆಂಗಸರಿಗೆ ಬೇರೆ ಶೌಚಾಲಯವಿದೆಯೇ? ಇವು ಆರೋಗ್ಯದ ಪ್ರಶ್ನೆಗಳು, ಕೇಳಲು ಸಂಕೋಚ ಬೇಡ. ಬಸ್ಸು ಹತ್ತಿದ ಕೂಡಲೇ ಕಂಡಕ್ಟರಿಗೂ ಒಂದು ಮಾತು ಹೇಳಿಡಿ: "ಅಣ್ಣಾ, ನನಗ ಸಕ್ಕರಿ ಬ್ಯಾನಿ ಐತಿ, ನಡುವ ಒಮ್ಮಿ ಇಳೀಬೇಕಾಗತೈತಿ." ಮೊದಲೇ ಹೇಳಿದ ಮಾತನ್ನು ಅವರು ನೆನಪಿಡುತ್ತಾರೆ. ನಡುರಾತ್ರಿ ತಡೆಯಲಾರದೆ ಕೂಗುವುದಕ್ಕಿಂತ ಇದು ಎಷ್ಟೋ ಮೇಲು.

ಆಸನದ ಆಯ್ಕೆಯೂ ಮುಖ್ಯ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಆಸನಗಳಲ್ಲಿ ಕುಲುಕಾಟ ಕಡಿಮೆ. ಕೊನೆಯ ಸಾಲಿನಲ್ಲಿ ಹೆಚ್ಚು. ಬೆನ್ನುನೋವು, ಸೊಂಟದ ತೊಂದರೆ ಇದ್ದವರು, ಗರ್ಭಿಣಿಯರು ಕೊನೆಯ ಸಾಲನ್ನು ಬಿಡುವುದು ಲೇಸು. ಪದೇ ಪದೇ ಮೂತ್ರಕ್ಕೆ ಹೋಗಬೇಕಾದವರು, ಮೊಣಕಾಲು ನೋವಿನವರು ನಡುದಾರಿಯ ಪಕ್ಕದ ಆಸನ ಕೇಳಲಿ. ಮಲಗುವ ಬಸ್ಸಾದರೆ ಹಿರಿಯರಿಗೆ, ಗರ್ಭಿಣಿಯರಿಗೆ, ಮೂರ್ಛೆರೋಗ ಇದ್ದವರಿಗೆ ಕೆಳಗಿನ ಹಾಸಿಗೆಯೇ ಆಗಬೇಕು.

ಬಸ್ಸೇ ಆಗಬೇಕೆಂಬ ಹಟವೂ ಬೇಡ. ಆಲಮಟ್ಟಿಗೆ ರೈಲು ನಿಲ್ದಾಣವಿದೆ. ಬಾಗಲಕೋಟೆ, ಗದಗ, ಹುಬ್ಬಳ್ಳಿಯ ಮೇಲೆ ಸುತ್ತಿ ಹೋಗುವ ರೈಲಿಗೆ ಹೆಚ್ಚು ಹೊತ್ತು ಹಿಡಿಯಬಹುದು. ಆದರೆ ಅಲ್ಲಿ ಶೌಚಾಲಯವಿದೆ, ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರಿಗೆ, ತುಂಬ ವಯಸ್ಸಾದವರಿಗೆ, ನೀರಿನ ಮಾತ್ರೆ ನುಂಗುವವರಿಗೆ ನಾನು ರೈಲನ್ನೇ ಹೇಳುತ್ತೇನೆ.

ಬುತ್ತಿ ಕಟ್ಟುವಾಗ

ಪ್ರಯಾಣದ ಬುತ್ತಿಯ ವಿಷಯದಲ್ಲಿ ನಮ್ಮ ಹಿರಿಯರು ಜಾಣರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಚುರಮರಿ ಇವುಗಳಲ್ಲಿ ನೀರಿನ ಅಂಶ ಕಡಿಮೆ. ಆದ್ದರಿಂದ ರೋಗಾಣು ಬೆಳೆಯುವುದಿಲ್ಲ, ಬೇಗ ಹಳಸುವುದಿಲ್ಲ. ಪಲ್ಯ, ಅನ್ನ, ತತ್ತಿ, ಮಾಂಸದ ಅಡುಗೆ ಹಾಗಲ್ಲ. ಬಿಸಿಲು 40 ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಮಾಡಿದ ಅನ್ನವನ್ನು ಬಿಸಿ ಇರುವಾಗಲೇ ಡಬ್ಬಿಯಲ್ಲಿ ಮುಚ್ಚಿ, ನಡುರಾತ್ರಿ ತೆರೆದು ಉಂಡರೆ ವಾಂತಿ-ಭೇದಿಗೆ ದಾರಿಯಾಗುತ್ತದೆ. ಇಂಥ ಅಡುಗೆಯನ್ನು ಮನೆಯಲ್ಲಿಯೇ ಉಂಡು ಹೊರಡಿ.

ರಾತ್ರಿ ಊಟ ಬಸ್ಸಿಗೆ ಒಂದೂವರೆ-ಎರಡು ತಾಸು ಮುಂಚೆ ಮುಗಿಯಲಿ. ಹೊಟ್ಟೆ ಬಿರಿಯುವಂತೆ ಬೇಡ, ಉಪವಾಸವೂ ಬೇಡ. ಬರಿಹೊಟ್ಟೆಯಲ್ಲೂ ಓಕರಿಕೆ ಬರುತ್ತದೆ. ನಡುರಾತ್ರಿ ಬಸ್ಸು ನಿಂತಾಗ ಕರಿದ ಎಣ್ಣೆಯಲ್ಲೇ ಮತ್ತೆ ಕರಿದ ಮಿರ್ಚಿ ಭಜಿ ತಿಂದರೆ ಎದೆಯುರಿ ಖಂಡಿತ. ಬಾಳೆಹಣ್ಣು, ಸಿಪ್ಪೆ ಸುಲಿದು ತಿನ್ನುವ ಕಿತ್ತಳೆ ಒಳ್ಳೆಯವು. ನೀರು ಮನೆಯದೇ ಇರಲಿ, ಕುದಿಸಿ ಆರಿಸಿದ್ದಾದರೆ ಇನ್ನೂ ಒಳ್ಳೆಯದು. ಪರಿಚಯವಿಲ್ಲದವರು ಕೊಟ್ಟ ತಿಂಡಿ, ಪಾನೀಯ ಬೇಡವೆಂದು ನಯವಾಗಿ ಹೇಳಿ.

ಕಾಲು ಬಾವು: ಯಾವುದು ಸಾಮಾನ್ಯ, ಯಾವುದು ಅಪಾಯ?

ನಡೆಯುವಾಗ ನಮ್ಮ ಮೀನಖಂಡದ ಸ್ನಾಯುಗಳು ಬಿಗಿದು ಸಡಿಲಾಗುತ್ತ ಕಾಲಿನ ರಕ್ತವನ್ನು ಹೃದಯದ ಕಡೆಗೆ ಮೇಲಕ್ಕೆ ತಳ್ಳುತ್ತವೆ. ಬಾವಿಯ ನೀರೆತ್ತುವ ಪಂಪಿನ ಕೆಲಸವಿದು. ಕಾಲು ಇಳಿಬಿಟ್ಟು ಕದಲದೆ ಕುಳಿತರೆ ಈ ಪಂಪು ನಿಲ್ಲುತ್ತದೆ, ಪಾದದಲ್ಲಿ ನೀರು ಸೇರುತ್ತದೆ. ಎರಡೂ ಪಾದಗಳು ಸಮನಾಗಿ ಬಾತು, ಮನೆಗೆ ಹೋಗಿ ಕಾಲು ಎತ್ತರಿಸಿ ಮಲಗಿದ ಮೇಲೆ ಇಳಿದರೆ ಭಯವಿಲ್ಲ.

ಅಪಾಯ ಇರುವುದು ಒಂದೇ ಕಾಲು ಬಾತಾಗ. ನಿಧಾನವಾಗಿ ಹರಿಯುವ ರಕ್ತ, ಅದರಲ್ಲೂ ನೀರು ಕಡಿಮೆಯಾಗಿ ದಟ್ಟವಾದ ರಕ್ತ, ಮೀನಖಂಡದ ಒಳಗಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಬಹುದು. ಆ ಹೆಪ್ಪಿನ ತುಣುಕು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು. ಇದು ವಿಮಾನದವರ ಕಾಯಿಲೆ ಎಂಬ ನಂಬಿಕೆ ಸರಿಯಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ನೆಲಮನೆಗಳಲ್ಲಿ ರಾತ್ರಿಯಿಡೀ ಕುರ್ಚಿಯಲ್ಲಿ ಕುಳಿತೇ ಕಳೆದ ಜನರಲ್ಲಿ ಇಂಥ ಸಾವುಗಳನ್ನು ವೈದ್ಯರು ಗುರುತಿಸಿದ್ದರು. ನಾಲ್ಕು ತಾಸಿಗೂ ಹೆಚ್ಚಿನ ಪ್ರಯಾಣದಲ್ಲಿ, ಅದು ವಿಮಾನವಾಗಲಿ, ರೈಲಾಗಲಿ, ಬಸ್ಸಾಗಲಿ, ಈ ಸಂಭವ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಗಾಬರಿ ಬೇಡ, ಆರೋಗ್ಯವಂತರಲ್ಲಿ ಇದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಆಗುವಂಥದ್ದು. ಆದರೆ ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆದವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ಕ್ಯಾನ್ಸರ್ ರೋಗಿಗಳು, ಗರ್ಭಿಣಿ-ಬಾಣಂತಿಯರು, ಗರ್ಭನಿರೋಧಕ ಮಾತ್ರೆ ನುಂಗುವವರು, ತೀರಾ ದಪ್ಪಗಿರುವವರು, ಮೊದಲೊಮ್ಮೆ ಹೆಪ್ಪುಗಟ್ಟಿದವರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕೇಳಲೇಬೇಕು.

ಉಳಿದವರಿಗೆ ಉಪಾಯ ಸುಲಭ. ಹಿಮ್ಮಡಿ ಊರಿ ಬೆರಳು ಮೇಲೆತ್ತುವುದು, ಬೆರಳು ಊರಿ ಹಿಮ್ಮಡಿ ಎತ್ತುವುದು, ಹೀಗೆ ತಾಸಿಗೊಮ್ಮೆ ಇಪ್ಪತ್ತು ಸಲ ಮಾಡಿ. ಪಾದವನ್ನು ಗುಂಡಗೆ ತಿರುಗಿಸಿ. ಕಾಲಿನ ಮುಂದೆ ಚೀಲ, ಅಕ್ಕಿಯ ಗಂಟು ಇಟ್ಟು ಜಾಗ ಕಟ್ಟಬೇಡಿ. ಕಾಲ ಮೇಲೆ ಕಾಲು ಹಾಕಿ ನಿದ್ರಿಸಬೇಡಿ. ಬಸ್ಸು ನಿಂತಾಗಲೆಲ್ಲ ಇಳಿದು ಐದು ನಿಮಿಷ ನಡೆಯಿರಿ. ರಕ್ತ ತೆಳುವಾಗಲೆಂದು ಯಾರೋ ಹೇಳಿದ ಆಸ್ಪಿರಿನ್ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನುಂಗಬೇಡಿ.

ಪ್ರಯಾಣದ ನಂತರ, ಕೆಲವು ದಿನ ಅಥವಾ ವಾರಗಳು ಕಳೆದ ಮೇಲೂ, ಒಂದೇ ಮೀನಖಂಡ ಬಾತು ನೋಯತೊಡಗಿದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ತಿಕ್ಕುವುದರಿಂದ ಹೆಪ್ಪು ಸಡಿಲಾಗಿ ಮೇಲೆ ಹೋಗಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. ಒಮ್ಮೆಲೇ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆನೋವು, ಕೆಮ್ಮಿದಾಗ ರಕ್ತ ಇವು ತುರ್ತು ಲಕ್ಷಣಗಳು.

ವಾಂತಿಯ ಕಾಟ

ಬಸ್ಸು ಅಲುಗುತ್ತಿದೆ ಎಂದು ಕಿವಿಯ ಒಳಗಿನ ಸಮತೋಲನದ ಅಂಗ ಮಿದುಳಿಗೆ ಹೇಳುತ್ತದೆ. ಪುಸ್ತಕವನ್ನೋ ಮೊಬೈಲನ್ನೋ ದಿಟ್ಟಿಸುವ ಕಣ್ಣು "ಏನೂ ಅಲುಗುತ್ತಿಲ್ಲ" ಎನ್ನುತ್ತದೆ. ಈ ಎರಡು ಸುದ್ದಿಗಳ ಜಗಳವೇ ಓಕರಿಕೆ. ಆದ್ದರಿಂದ ಮೊಬೈಲ್ ಮುಚ್ಚಿಡಿ. ಹಗಲಾದರೆ ಮುಂದಿನ ದೂರದ ರಸ್ತೆಯನ್ನು ನೋಡಿ, ರಾತ್ರಿಯಾದರೆ ತಲೆ ಒರಗಿಸಿ ಕಣ್ಣು ಮುಚ್ಚಿ. ಮುಂಭಾಗದ ಆಸನ, ತೆರೆದ ಕಿಟಕಿಯ ಗಾಳಿ, ಒಂದು ಚೂರು ಹಸಿಶುಂಠಿ ಕೆಲವರಿಗೆ ಸಾಕಾಗುತ್ತದೆ.

ಮಾತ್ರೆ ಬೇಕಾದವರು ವೈದ್ಯರನ್ನು ಕೇಳಿ ಆವೋಮಿನ್‌ನಂಥ ಮಾತ್ರೆಯನ್ನು ಹೊರಡುವ ಒಂದೆರಡು ತಾಸು ಮುಂಚೆಯೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಈ ಮಾತ್ರೆ ಕೊಡಲೇಬಾರದು. ಇದರಿಂದ ಮಂಪರು ಬರುತ್ತದೆ. ಬೆಂಗಳೂರಿನಲ್ಲಿ ಇಳಿದ ಕೂಡಲೇ ನಿಲ್ದಾಣದಲ್ಲಿ ಬಿಟ್ಟಿದ್ದ ಮೋಟಾರ್ ಸೈಕಲ್ ಏರುವವರು ಇದನ್ನು ನೆನಪಿಡಬೇಕು. ಮಗುವಿಗೆ ವಾಂತಿ ಬಂದರೆ ತಲೆಯನ್ನು ಕಿಟಕಿಯ ಹೊರಗೆ ಹಾಕಿಸಬೇಡಿ. ಎದುರಿನಿಂದ ಬರುವ ಲಾರಿ ಒಂದು ಕ್ಷಣದಲ್ಲಿ ಅನಾಹುತ ಮಾಡುತ್ತದೆ. ಒಂದೆರಡು ಚೀಲ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆ ಇದ್ದವರು

ಔಷಧಿಯ ಚೀಲ ಎಂದೂ ಬಸ್ಸಿನ ಡಿಕ್ಕಿಗೆ ಹೋಗಬಾರದು. ಅದು ಮಡಿಲಲ್ಲಿರಬೇಕು. ಡಿಕ್ಕಿಯ ಬಿಸಿಗೆ ಇನ್ಸುಲಿನ್ ಕೆಡುತ್ತದೆ. ಹಾಗೆಂದು ಮಂಜುಗಡ್ಡೆಗೆ ಅಂಟಿಸಿ ಇಡುವುದೂ ತಪ್ಪು, ಹೆಪ್ಪುಗಟ್ಟಿದ ಇನ್ಸುಲಿನ್ ಬಳಸಬಾರದು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಡಬ್ಬಿಯಲ್ಲಿ ತಂಪಾಗಿ ಇಟ್ಟರೆ ಒಂದು ರಾತ್ರಿಯ ದಾರಿಗೆ ಸಾಕು.

ಮುಂದೆ ಹೋಟೆಲಿನಲ್ಲಿ ನಿಲ್ಲಿಸಿದಾಗ ಉಂಡರಾಯಿತೆಂದು ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಂಡು ಅಥವಾ ಮಾತ್ರೆ ನುಂಗಿ ಹೊರಡುವುದು ಬಹಳ ಅಪಾಯ. ಬಸ್ಸು ತಡವಾದರೆ, ಗಾಲಿ ಪಂಕ್ಚರ್ ಆದರೆ, ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಎದೆ ಬಡಿತ, ಕಣ್ಣು ಮಂಜಾಗುವುದು, ಕೊನೆಗೆ ಪ್ರಜ್ಞೆ ತಪ್ಪುವುದು. ಕತ್ತಲ ಬಸ್ಸಿನಲ್ಲಿ ಪಕ್ಕದವರು "ನಿದ್ದಿ ಹತ್ತೈತಿ" ಎಂದು ಸುಮ್ಮನಿರುತ್ತಾರೆ. ಊಟ ಕೈಗೆ ಬಂದ ಮೇಲೆಯೇ ಊಟದ ಇನ್ಸುಲಿನ್ ತೆಗೆದುಕೊಳ್ಳಿ. ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಲಿ. ಲಕ್ಷಣ ಕಂಡ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಯಿರಿ, ಆಮೇಲೆ ಬಿಸ್ಕತ್ತನ್ನೋ ರೊಟ್ಟಿಯನ್ನೋ ತಿನ್ನಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಜೊತೆಯಲ್ಲಿ ಯಾರೂ ಇಲ್ಲದಿದ್ದರೆ ನಿಮಗೆ ಸಕ್ಕರೆ ಕಾಯಿಲೆ ಇದೆಯೆಂದು ಪಕ್ಕದವರಿಗೆ ಹೇಳಿಡಿ.

ರಕ್ತದೊತ್ತಡಕ್ಕೆ ನೀರಿನ ಮಾತ್ರೆ ನುಂಗುವವರು ಪ್ರಯಾಣದ ದಿನ ಅದನ್ನು ತಾವಾಗಿಯೇ ಬಿಟ್ಟುಬಿಡುವುದುಂಟು. ಬಿಡಬೇಡಿ. ಅದನ್ನು ಮುಂಜಾನೆಯೇ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಡಾಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆಗಳಿಂದಲೂ ಮೂತ್ರ ಹೆಚ್ಚಾಗುವುದರಿಂದ ಇವನ್ನು ನುಂಗುವವರು ನೀರು ಬಿಡುವಂತೆಯೇ ಇಲ್ಲ. ಮೂರ್ಛೆರೋಗ ಇರುವವರಿಗೆ ನಿದ್ದೆಗೇಡೂ ಒಂದು ಹೊತ್ತಿನ ಮಾತ್ರೆ ತಪ್ಪುವುದೂ ಎರಡೂ ಕೆಟ್ಟವು. ಸಾಧ್ಯವಾದರೆ ಹಗಲು ಬಸ್ಸನ್ನೇ ಹಿಡಿಯಿರಿ. ಉಬ್ಬಸದವರು ಎಳೆದುಕೊಳ್ಳುವ ಔಷಧಿಯನ್ನು, ಹೃದ್ರೋಗಿಗಳು ನಾಲಿಗೆ ಕೆಳಗಿಡುವ ಮಾತ್ರೆಯನ್ನು ಜೇಬಿನಲ್ಲೇ ಇಟ್ಟುಕೊಂಡಿರಬೇಕು.

ಬಸುರಿ, ಬಾಣಂತಿ, ಕೂಸು

ನಮ್ಮ ಭಾಗದಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಬೆಂಗಳೂರು, ಪುಣೆಯಲ್ಲಿರುವ ಮಗಳು ಕುಬಸ ಮುಗಿಸಿಕೊಂಡು ತುಂಬು ಬಸುರಿಯಾಗಿ ರಾತ್ರಿ ಬಸ್ಸಿನಲ್ಲಿ ಬರುವುದನ್ನು ನೋಡುತ್ತೇವೆ. ಬಸುರಿಯ ಪ್ರಯಾಣಕ್ಕೆ ನಾಲ್ಕನೆಯ ತಿಂಗಳಿನಿಂದ ಏಳನೆಯ ತಿಂಗಳಿನ ವರೆಗಿನ ಕಾಲ ಅನುಕೂಲವಾದದ್ದು. ತವರಿಗೆ ಕರೆತರುವುದಿದ್ದರೆ ಏಳು ತುಂಬುವುದರೊಳಗೆ ಕರೆತನ್ನಿ. ಎಂಟು ತುಂಬಿದ ಮೇಲೆ ರಾತ್ರಿಯಿಡೀ ಬಸ್ಸಿನ ಪ್ರಯಾಣ ಬೇಡ. ನಡುದಾರಿಯಲ್ಲಿ ಹೆರಿಗೆ ನೋವು ಬಂದರೆ ಮುಂದಿನ ಆಸ್ಪತ್ರೆ ಎಷ್ಟು ದೂರವೋ ತಿಳಿಯದು. ರಕ್ತಸ್ರಾವ, ಹೊಟ್ಟೆನೋವು, ಹೆಚ್ಚಿದ ರಕ್ತದೊತ್ತಡ, ಅವಳಿ ಗರ್ಭ ಇದ್ದರೆ ಯಾವ ತಿಂಗಳಲ್ಲೂ ವೈದ್ಯರನ್ನು ಕೇಳದೆ ಹೊರಡಬಾರದು. ತಾಯಿ ಕಾರ್ಡು ಕೈಚೀಲದಲ್ಲಿರಲಿ. ಬಸುರಿಯರಲ್ಲಿ ಮೂತ್ರದ ಸೋಂಕು ಬೇಗ ತಗಲುತ್ತದೆ, ಅದರಿಂದ ಅವಧಿಗೆ ಮುನ್ನ ಹೆರಿಗೆಯೂ ಆಗಬಹುದು. ನೀರಿನ ಮಾತು ಅವರಿಗೆ ಎಲ್ಲರಿಗಿಂತ ಹೆಚ್ಚು ಸಲ್ಲುತ್ತದೆ.

ಎದೆಹಾಲು ಕುಡಿಯುವ ಕೂಸಿಗೆ ಪ್ರಯಾಣದಲ್ಲೂ ಎದೆಹಾಲೇ ಸಾಕು. ಆರು ತಿಂಗಳೊಳಗೆ ನೀರು ಕೂಡ ಬೇಡ. ತಾಯಿ ಬಾಯಾರಿ ಕೂರಬಾರದು, ಅಷ್ಟೇ. ದೊಡ್ಡ ಮಕ್ಕಳಿದ್ದರೆ ಓ.ಆರ್.ಎಸ್. ಪುಡಿಯ ಎರಡು ಪೊಟ್ಟಣ ಇಟ್ಟುಕೊಳ್ಳಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಚಹದ ಚಮಚದಿಂದ ಮಟ್ಟವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಉಪ್ಪು ಹೆಚ್ಚಾಗಬಾರದು.

ಆಸ್ಪತ್ರೆಗೆಂದು ಹೊರಟವರಿಗೆ

ಜಯದೇವ, ಕಿದ್ವಾಯಿ, ನಿಮ್ಹಾನ್ಸ್ ಆಸ್ಪತ್ರೆಗಳಿಗೆ ಹೋಗುವ ರೋಗಿಗಳು ಬೆಳಿಗ್ಗೆ ಬರಿಹೊಟ್ಟೆಯ ರಕ್ತಪರೀಕ್ಷೆ ಇದೆಯೆಂದು ಹಿಂದಿನ ಮಧ್ಯಾಹ್ನದಿಂದಲೇ ಉಪವಾಸ ಕೂರುವುದುಂಟು. ಅಂಥ ಪರೀಕ್ಷೆಗೆ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ತಾಸಿನ ಉಪವಾಸ ಸಾಕು, ಬರಿಯ ನೀರು ಕುಡಿಯಬಹುದು. ಶಸ್ತ್ರಚಿಕಿತ್ಸೆಗೋ ಅರಿವಳಿಕೆಗೋ ಬರಹೇಳಿದ್ದರೆ ಮಾತ್ರ ಆಸ್ಪತ್ರೆಯವರು ಹೇಳಿದ ವೇಳೆಯಿಂದ ನೀರನ್ನೂ ಬಿಡಬೇಕು. ನಿದ್ದೆಯಿಲ್ಲದ ರಾತ್ರಿಯ ಮರುದಿನ ರಕ್ತದೊತ್ತಡ ಏರಿರಬಹುದು. "ರಾತ್ರಿ ಬಸ್ಸಿನಲ್ಲಿ ಬಂದೆ, ಇಂಥ ಮಾತ್ರೆ ಇನ್ನೂ ನುಂಗಿಲ್ಲ" ಎಂದು ನೋಡುವ ವೈದ್ಯರಿಗೆ ತಿಳಿಸಿ. ಹಳೆಯ ಇ.ಸಿ.ಜಿ., ಔಷಧಿ ಚೀಟಿ, ಆಧಾರ್ ಮತ್ತು ರೇಷನ್ ಕಾರ್ಡು ಒಂದೇ ಚೀಲದಲ್ಲಿರಲಿ.

ಪ್ರಾಣರಕ್ಷಣೆಯ ಎರಡು ಮಾತು

2020ರ ಆಗಸ್ಟ್ 12ರ ನಸುಕಿನಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸೊಂದಕ್ಕೆ ಹಿರಿಯೂರು ತಾಲ್ಲೂಕಿನಲ್ಲಿ ಬೆಂಕಿ ಹತ್ತಿ ಮಕ್ಕಳೂ ಸೇರಿ ಐವರು ಸುಟ್ಟು ಸತ್ತರು. ಬಸ್ಸು ಹತ್ತಿದ ಕೂಡಲೇ ತುರ್ತು ಬಾಗಿಲು ಎಲ್ಲಿದೆ, ಅದು ಹೇಗೆ ತೆರೆಯುತ್ತದೆ, ಗಾಜು ಒಡೆಯುವ ಸುತ್ತಿಗೆ ಇದೆಯೇ ಎಂದು ನೋಡಿಕೊಳ್ಳುವ ರೂಢಿ ಮಾಡಿಕೊಳ್ಳಿ. ನಡುದಾರಿಯಲ್ಲಿ ಗಂಟುಮೂಟೆ ಇಡಬೇಡಿ. ಸೀಮೆಎಣ್ಣೆ, ಪಟಾಕಿ, ಸಿಲಿಂಡರ್ ಬಸ್ಸಿಗೆ ತರಬೇಡಿ, ತಂದವರನ್ನು ಸುಮ್ಮನೆ ಬಿಡಬೇಡಿ. ಆಸನಕ್ಕೆ ಪಟ್ಟಿ ಇದ್ದರೆ ಕಟ್ಟಿಕೊಳ್ಳಿ. ದಾರಿಯಲ್ಲಿ ಯಾರಿಗಾದರೂ ಎದೆನೋವು, ಉಸಿರುಕಟ್ಟು, ಪ್ರಜ್ಞೆ ತಪ್ಪುವುದು ಕಂಡರೆ ಬೆಂಗಳೂರು ಬರಲೆಂದು ಕಾಯದೆ ಕಂಡಕ್ಟರಿಗೆ ಹೇಳಿ 108ಕ್ಕೆ ಕರೆ ಮಾಡಿ. 112 ಎಲ್ಲ ತುರ್ತಿಗೆ, 1033 ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ.

ಒಂದು ರಾತ್ರಿಯ ವೇಳಾಪಟ್ಟಿ

ರಾತ್ರಿ 9 ಗಂಟೆಯ ಬಸ್ಸು ಎಂದಿಟ್ಟುಕೊಳ್ಳಿ. ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಲು ಇದು ಸಾಕು.

ಮುಂಜಾನೆಯಿಂದ ಸಂಜೆ 6ರ ವರೆಗೆ: ಎಂದಿನಂತೆ ನೀರು, ಮಜ್ಜಿಗೆ. ಮಧ್ಯಾಹ್ನ ಒಂದು ತಾಸು ನಿದ್ದೆ. ಔಷಧಿ, ಕಾಗದಪತ್ರ ಕೈಚೀಲಕ್ಕೆ.

ಸಂಜೆ 7: ಹಗುರ ಊಟ, ಊಟದ ಮಾತ್ರೆ. ಕೊನೆಯ ದೊಡ್ಡ ಲೋಟ ನೀರು. ಬೇಕಿದ್ದವರಿಗೆ ವಾಂತಿ ತಡೆಯುವ ಮಾತ್ರೆ.

8 ಮತ್ತು 8.45: ಮೂತ್ರಕ್ಕೆ ಹೋಗಿ ಬರುವುದು, ಮನೆಯಲ್ಲಿ ಒಮ್ಮೆ, ನಿಲ್ದಾಣದಲ್ಲಿ ಒಮ್ಮೆ.

9ರ ನಂತರ: ಸಡಿಲ ಉಡುಪು, ಸೊಂಟದ ಹಿಂದೆ ಮಡಚಿದ ಟವೆಲ್, ಹೊದೆಯಲು ಒಂದು ಚಾದರ. ಗುಟುಕು ನೀರು, ಪಾದದ ವ್ಯಾಯಾಮ.

ಬಸ್ಸು ನಿಂತಾಗ: ಇಳಿಯುವುದು, ಶೌಚಾಲಯ, ಐದು ನಿಮಿಷದ ನಡಿಗೆ, ಒಂದು ಲೋಟ ನೀರು.

ಬೆಳಿಗ್ಗೆ ಇಳಿದ ಮೇಲೆ: ಮೂತ್ರ ವಿಸರ್ಜನೆ, ಎರಡು ಲೋಟ ನೀರು, ಉಪಾಹಾರ, ಬೆಳಗಿನ ಮಾತ್ರೆ. ಮೂತ್ರದ ಬಣ್ಣ ತಿಳಿಹಳದಿ ಇದ್ದರೆ ಸರಿ. ಕಡುಹಳದಿಯಾಗಿದ್ದರೆ ಮಧ್ಯಾಹ್ನದೊಳಗೆ ಇನ್ನೂ ಒಂದು ಲೀಟರ್ ಕುಡಿಯಿರಿ.